ಕೆಂಪು ಗುರುತಿಗೆ ಬಂದ ದೋಣಿ

ನೀರಿನಿಂದ ದೋಣಿಯನ್ನು ಎತ್ತಿ ಕೂರಿಸುವ ಕೆಲಸ ಬಲ್ಲವರು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಇದ್ದರೂ ಅವರಿಗೆ ಇಲ್ಲಿ ಕೆಲಸವಿಲ್ಲ. ಕರಾವಳಿಯ ಬಂದರಿನಲ್ಲಿ ದೋಣಿ ಏರಿಸುವ ಕಟ್ಟೆಯ ಮೇಲ್ವಿಚಾರಕನಾಗಿದ್ದ ನಾನು ನಿವೃತ್ತಿಯಾಗಿ ಈ ಊರಿಗೆ ಬಂದಾಗ, ಬೆಳಗಿನ ನಡಿಗೆಯ ಗೆಳೆಯರು ನನಗೆ ‘ಹಡಗಿನ ಸಾಹುಕಾರ್ರು’ ಎಂದು ಹೆಸರಿಟ್ಟರು. ಮಂಡಿಪೇಟೆಯಲ್ಲಿ ನೀರು ನಿಂತರೆ ಸಾಕು, ‘ಸಾಹುಕಾರ್ರ, ನಿಮ್ ಹಡಗು ಬಿಡ್ರಿ’ ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಬೇರೆ ದಾರಿ ಇರಲಿಲ್ಲ.

ಆ ಗೆಳೆಯರಲ್ಲಿ ಒಬ್ಬರು ಮಾಯಕೊಂಡದವರು. ಅವರ ಮಗಳು ಹರಿಹರದ ಬಳಿ ನದಿಯ ದಂಡೆಯಲ್ಲಿರುವ ಜಾಕ್‌ವೆಲ್‌ನ ಸಹಾಯಕ ಎಂಜಿನಿಯರ್. ತುಂಗಭದ್ರೆಯ ನೀರನ್ನು ಎತ್ತಿ ನಮ್ಮ ಕಡೆಗೆ ಕಳಿಸುವ ಬಾವಿ ಅದು. ಮಳೆಗಾಲ ಇನ್ನೇನು ಬಲಗೊಳ್ಳುತ್ತಿದೆ ಎನ್ನುವಾಗ ಒಂದು ಬೆಳಿಗ್ಗೆ ಆಕೆ ಫೋನ್ ಮಾಡಿದಳು.

“ಅಂಕಲ್, ನೀವು ಬಂದರಿನಾಗೆ ದೋಣಿ ಎತ್ತಸ್ತಿದ್ರಂತಲ್ಲ. ನಮಗೆ ಒಂದು ದೋಣಿ ಲಿಫ್ಟ್ ಹಾಕ್ಯಾರೆ. ಎತ್ತಿದ್ರೆ ಒಂದ್ ಕಡೆ ವಾಲ್ತೈತೆ. ಹಾಕಿದೋರ್ನ ಕೇಳಿದ್ರೆ, ಲಿಫ್ಟ್ ಸರಿ ಐತೆ, ನಿಮ್ ದೋಣಿ ಸರಿ ಇಲ್ಲ ಅಂತಾರೆ.”

“ದೋಣಿ ಮಾರಿದವರು ಏನು ಹೇಳ್ತಾರೆ?”

“ದೋಣಿ ಸರಿ ಐತೆ, ಲಿಫ್ಟ್ ಸರಿ ಇಲ್ಲ ಅಂತಾರೆ.”

ಎರಡೂ ಸರಿಯಾಗಿರಬಹುದು ಎಂದು ನನಗೆ ಆಗಲೇ ಅನ್ನಿಸಿತು. ಬರುತ್ತೇನೆ ಎಂದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: “ಹೋಗ್ರಿ, ಹೋಗ್ರಿ. ಮನೆ ಮುಂದಿನ ಚಪ್ಪಲಿ ಸಾಲು ಮಾಡ್ಕೋತ ಎಷ್ಟು ದಿನಾಂತ ಕೂಡ್ತೀರಿ?”

ಜಾಕ್‌ವೆಲ್‌ನ ಗೇಟಿನಲ್ಲಿ ಎಂಜಿನಿಯರ್ ಕಾಯುತ್ತಿದ್ದಳು. ನಡೆಯುತ್ತಾ ವಿಷಯ ಹೇಳಿದಳು. ಹೊಳೆಯಲ್ಲಿ ಅಂತರಗಂಗೆ ಎಂಬ ನೀರುಕಳೆ ಚಾಪೆ ಚಾಪೆಯಾಗಿ ತೇಲಿ ಬಂದು ಬಾವಿಯ ಬಾಯಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ದೋಣಿಯಲ್ಲಿ ಹೋಗಿ ಕಿತ್ತು ತೆಗೆಯಬೇಕು. ತೆಗೆಯದಿದ್ದರೆ ಪಂಪು ಉಸಿರುಕಟ್ಟುತ್ತದೆ, ಊರಿನ ನಲ್ಲಿ ಒಣಗುತ್ತದೆ. ಹಿಂದಿನ ವರ್ಷದ ದೋಣಿ ಪ್ರವಾಹದಲ್ಲಿ ಹೋಯಿತು. ಅದನ್ನು ದಂಡೆಯ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದರು. ನೀರು ಏರಿತು, ಹಗ್ಗ ಏರಲಿಲ್ಲ. ದೋಣಿಯ ಮೂತಿ ನೀರೊಳಗೆ ಸಿಕ್ಕಿಕೊಂಡು, ತುಂಬಿ, ಕಿತ್ತುಕೊಂಡು ಹೋಗಿ ಹಳೆಯ ಸೇತುವೆಯ ಕಂಬಕ್ಕೆ ಬಡಿದು ಒಡೆಯಿತು. ಅದಕ್ಕಾಗಿಯೇ ಈ ವರ್ಷ ಹೊಸ ಫೈಬರ್ ದೋಣಿಯ ಜೊತೆಗೆ ಲಿಫ್ಟ್ ಬಂದಿತ್ತು.

“ಕಟ್ಟಿದ್ದು ಯಾರು?”

ಆಕೆ ದನಿ ತಗ್ಗಿಸಿದಳು. “ನಮ್ ಅಂಬಿಗ. ಅವನೇ ದೋಣಿ ನಡೆಸೋನು. ಈ ಸಲಾನೂ ಏನಾರ ಆದ್ರೆ ಅವನ್ನ ತೆಗೆದು ಕೆಲಸ ಹೊರಗಿನೋರಿಗೆ ಕೊಡ್ತೀವಿ ಅಂತ ಮ್ಯಾಲಿನ ಸಾಹೇಬ್ರು ಹೇಳ್ಯಾರೆ. ಈ ಹೊಳೀನ ಅವನಷ್ಟು ಬಲ್ಲೋರು ನನಗಂತೂ ಗೊತ್ತಿಲ್ಲ ಅಂಕಲ್.”

ಲಿಫ್ಟನ್ನು ನೋಡಿದೆ. ದಂಡೆಯ ಕಾಂಕ್ರೀಟ್ ಕಟ್ಟೆಗೆ ಸಮಾನಾಂತರವಾಗಿ ನಾಲ್ಕು ಉಕ್ಕಿನ ಕಂಬ. ಕಂಬಗಳ ನಡುವೆ ನಾಲ್ಕು ಉಕ್ಕಿನ ಹಗ್ಗಗಳಲ್ಲಿ ತೂಗುವ ಚೌಕಟ್ಟು. ಚೌಕಟ್ಟಿನ ಮೇಲೆ ಉದ್ದಕ್ಕೆ ರಬ್ಬರು ಹೊದಿಸಿದ ಎರಡು ದಿಮ್ಮಿ. ಮೋಟಾರು ತಿರುಗಿದರೆ ಚೌಕಟ್ಟು ನೀರೊಳಗೆ ಇಳಿಯುತ್ತದೆ, ದೋಣಿ ಅದರ ಮೇಲೆ ತೇಲಿ ಬಂದು ನಿಲ್ಲುತ್ತದೆ, ಮತ್ತೆ ತಿರುಗಿಸಿದರೆ ದಿಮ್ಮಿಗಳು ದೋಣಿಯ ತಳವನ್ನು ಹಿಡಿದು ಮೇಲೆತ್ತುತ್ತವೆ. ಅಲ್ಲಿಯವರು ಅದಕ್ಕೆ ತೊಟ್ಟಿಲು ಎನ್ನುತ್ತಿದ್ದರು. ಚೆನ್ನಾಗಿ ಮಾಡಿದ ತೊಟ್ಟಿಲು. ಬೆಸುಗೆಗಳನ್ನೆಲ್ಲ ಕೈಯಿಂದ ಮುಟ್ಟಿ ನೋಡಿದೆ, ಹಗ್ಗಗಳ ಎಳೆ ಬಿಚ್ಚಿಕೊಂಡಿದೆಯೇ ಎಂದು ಬಟ್ಟೆ ಸವರಿ ನೋಡಿದೆ. ತಪ್ಪು ಕಾಣಲಿಲ್ಲ.

“ನೀವು ದಿನಾ ಮಾಡೋ ಹಾಗೆ ಒಮ್ಮೆ ಎತ್ತಿ ತೋರಿಸಿ” ಎಂದೆ.

ಅಂಬಿಗ ನಲವತ್ತು ದಾಟಿದ, ಹೆಗಲು ಅಗಲವಾದ ಮನುಷ್ಯ. ನನಗೆ ಕೈಮುಗಿದು ದೋಣಿಗೆ ಹತ್ತಿದ. ಹರಿವಿನ ಮೇಲುಗಡೆಯಿಂದ ಬಂದು, ಎಂಜಿನ್ ನಿಲ್ಲಿಸಿ ದೋಣಿಯನ್ನು ಹರಿವಿಗೆ ಬಿಟ್ಟ. ದೋಣಿ ಅರ್ಧ ಸುತ್ತು ತಿರುಗಿತು, ಇನ್ನೇನು ಕಂಬಕ್ಕೆ ತಾಗಿತು ಎನ್ನುವಾಗ ಕೋಲಿನಿಂದ ಒಂದು ಒತ್ತು ಕೊಟ್ಟ. ಅದು ಮೆತ್ತಗೆ ಜಾರಿ ತೊಟ್ಟಿಲಿನ ಒಳಗೆ ಬಂದು, ಮೂತಿಯನ್ನು ಹರಿವಿನ ಕೆಳಗಡೆಗೆ ಮಾಡಿಕೊಂಡು, ಸರಿಯಾಗಿ ನಟ್ಟನಡುವೆ ನಿಂತಿತು. ಅಂಥ ಕೈಚಳಕವನ್ನು ನಾನು ಬಂದರಿನಲ್ಲೂ ಕಂಡಿರಲಿಲ್ಲ. ಆದರೆ ದೋಣಿ ಕೂರಿಸುವ ಲೆಕ್ಕದಲ್ಲಿ ಅದು ಪೂರ್ತಿ ತಪ್ಪಾಗಿತ್ತು.

ಜಾಕ್‌ವೆಲ್‌ನ ಎಲೆಕ್ಟ್ರಿಷಿಯನ್ ಲಿಫ್ಟಿನ ಸ್ವಿಚ್ಚು ಒತ್ತಿದ. ಆತ ಹರಿಹರದವನೇ, ಮಾತಿನ ಮಲ್ಲ. ಹಗ್ಗಗಳು ಬಿಗಿಯಾದವು, ಎಂಜಿನ್ ಇರುವ ಕಡೆಯ ಎರಡು ಹಗ್ಗಗಳು ನರಳಿದವು, ಚೌಕಟ್ಟು ಆ ಕಡೆಗೆ ವಾಲತೊಡಗಿತು.

“ನಿಲ್ಲಿಸಿ.”

“ಇನ್ನೊಂಚೂರು ಎತ್ತಾನ್ರಿ, ಆಮ್ಯಾಲೆ ತಾನೇ ಸರಿ ಹೋಗ್ತೈತೆ.”

“ಇಳಿಸಿ.”

ಇಳಿಸಿದ. ನಾನು ಅಂಬಿಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ದಂಡೆಯ ಮೇಲೆ ಆಚೆಗೆ ಒಂದು ಹರಿಗೋಲು ಬೋರಲು ಬಿದ್ದಿತ್ತು. ಅದು ಅವನ ಅಪ್ಪನ ಕಾಲದ್ದಂತೆ. ವರ್ಷ ವರ್ಷ ಬಿದಿರು ಬದಲಿಸಿ, ಡಾಂಬರು ಬಳಿದು, ಇನ್ನೂ ಇಟ್ಟುಕೊಂಡಿದ್ದಾನೆ.

“ದೋಣಿಯನ್ನು ಯಾಕೆ ಹಾಗೆ ತಂದೆ?”

“ಹೆಂಗ್ರಿ?”

“ಮೂತಿ ಕೆಳಗಡೆ ಮಾಡಿ.”

ಅವನು ನಿಜವಾಗಿಯೂ ಯೋಚಿಸಿದ. “ಮೂತಿ ಯಾವ್ ಕಡಿಗಾದ್ರೆ ಏನ್ರಿ? ನಡುಕ್ಕೆ ಬಂತಲ್ಲ. ಹರಿಗೋಲಿಗೆ ಹಿಂದ್ಯಾವ್ದು, ಮುಂದ್ಯಾವ್ದು ಸಾಹೇಬ್ರ? ದುಂಡಗೈತೆ. ಹೊಳಿ ಯಾವ್ ಕಡಿ ತಿರುವ್ತೈತೋ ಆ ಕಡೀನೇ ಮುಂದು.”

ಅಲ್ಲಿಗೆ ನನಗೆ ಎಲ್ಲವೂ ತಿಳಿಯಿತು. ಹಿಂದಿನ ವರ್ಷದ ಗಿಡ್ಡ ಹಗ್ಗವೂ ತಿಳಿಯಿತು. ಹರಿಗೋಲನ್ನು ಯಾರೂ ನೀರಿನಲ್ಲಿ ಕಟ್ಟಿ ಬಿಡುವುದಿಲ್ಲ. ಕೆಲಸ ಮುಗಿದರೆ ತಲೆಯ ಮೇಲೆ ಹೊತ್ತು ತಂದು ದಂಡೆಗೆ ಬೋರಲು ಹಾಕುತ್ತಾರೆ. ಹಾಗಾಗಿ ತೇಲುತ್ತಿರುವುದನ್ನು ಕಟ್ಟುವ ಹಗ್ಗದ ಅಳತೆ ಅವನ ಮನೆತನಕ್ಕೆ ಬೇಕಾಗಿಯೇ ಇರಲಿಲ್ಲ. ಹರಿಗೋಲಿನಲ್ಲಿ ಭಾರ ಯಾವಾಗಲೂ ನಡುವಿಗೆ. ಜನ ಸುತ್ತ ಕೂತು ಸಮ ಮಾಡುತ್ತಾರೆ. ಫೈಬರ್ ದೋಣಿಯಲ್ಲಿ ಎಂಜಿನು, ಬ್ಯಾಟರಿ, ಇಂಧನದ ಡಬ್ಬಿ ಎಲ್ಲ ಹಿಂಬದಿಗೆ. ಉದ್ದದ ನಡುವನ್ನು ತೊಟ್ಟಿಲಿನ ನಡುವಿಗೆ ತಂದರೆ ಭಾರವೆಲ್ಲ ಹಿಂದಿನ ಎರಡು ಹಗ್ಗಗಳ ಮೇಲೆ. ಜೊತೆಗೆ ದೋಣಿಯ ಹಿಂಗೋಡೆ ದಿಮ್ಮಿಗಳ ಆಚೆಗೆ ಆಧಾರವಿಲ್ಲದೆ ಚಾಚಿಕೊಂಡಿತ್ತು. ಎಂಜಿನ್ ತೂಗುವುದು ಆ ಗೋಡೆಯ ಮೇಲೆಯೇ. ನಾಲ್ಕು ಸಲ ಹಾಗೆ ಎತ್ತಿದರೆ ಅದು ಬಿರುಕು ಬಿಡುತ್ತದೆ.

ಇದನ್ನು ಮಾತಿನಲ್ಲಿ ಹೇಳಿದರೆ ಯಾರಿಗೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಗಾರೆಯವರು ಬಳಸುವ ಲೆವೆಲ್ ಪೈಪು ತರಿಸಿದೆ. ನೀರು ತುಂಬಿದ ಪಾರದರ್ಶಕ ಪೈಪು; ಒಂದು ತುದಿಯನ್ನು ಚೌಕಟ್ಟಿನ ಮುಂದಿನ ತೊಲೆಗೆ, ಇನ್ನೊಂದು ತುದಿಯನ್ನು ಹಿಂದಿನ ತೊಲೆಗೆ ಕಟ್ಟಿದೆವು. ಚೌಕಟ್ಟು ಸಮವಾಗಿದ್ದರೆ ಎರಡು ಕಡೆಯೂ ನೀರು ತೊಲೆಯ ಅಂಚಿಗೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ದೋಣಿಯನ್ನು ತಿರುಗಿಸಿ ಮೂತಿಯನ್ನು ಹರಿವಿಗೆ ಎದುರಾಗಿ ಮಾಡಿಸಿದೆ. ಚೂಪು ಮೂತಿ ನೀರನ್ನು ಸೀಳುತ್ತದೆ. ಚಪ್ಪಟೆ ಹಿಂಗೋಡೆಯನ್ನು ಹರಿವಿಗೆ ಒಡ್ಡಿದರೆ ಕಸವೂ ನೀರೂ ಒಳಗೆ ನುಗ್ಗುತ್ತವೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಸರಿಸುತ್ತಾ, ಹಗ್ಗ ಬಿಗಿಯುವಷ್ಟು ಮಾತ್ರ ಎತ್ತಿ, ಪೈಪು ನೋಡಿ, ಇಳಿಸಿ, ಮತ್ತೆ ಸರಿಸಿದೆವು. ಒಂದು ಮೊಳದಷ್ಟು ಮುಂದೆ ಹೋದಾಗ ಹಿಂಗೋಡೆ ದಿಮ್ಮಿಯ ತುದಿಗೆ ಸರಿಯಾಗಿ ಕೂತಿತು, ಹಗುರವಾದ ಮೂತಿ ಆಚೆಗೆ ಚಾಚಿತು, ಪೈಪಿನ ನೀರು ಎರಡೂ ಕಡೆ ಒಂದಾಯಿತು.

ಅಲ್ಲಿಗೆ ದೋಣಿಯ ಪಕ್ಕದಲ್ಲಿ ಒಂದು ಕೆಂಪು ಗೆರೆ, ಅದರ ಎದುರಿಗೆ ಕಂಬದ ಮೇಲೆ ಒಂದು ಕೆಂಪು ಗೆರೆ. ಎರಡೂ ಎದುರಾದರೆ ದೋಣಿ ತನ್ನ ಜಾಗದಲ್ಲಿದೆ ಎಂದರ್ಥ. ಚೌಕಟ್ಟು ನೀರೊಳಗಿದ್ದಾಗ ದಿಮ್ಮಿ ಎಲ್ಲಿದೆ ಎಂದು ಕಾಣುವುದಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಎರಡೂ ಬದಿಗೆ ಬಿಳಿ ಪಿವಿಸಿ ಪೈಪುಗಳನ್ನು ನೆಟ್ಟಗೆ ನಿಲ್ಲಿಸಿದ. ಅವು ನೀರಿನ ಮೇಲೆ ತಲೆಯೆತ್ತಿ ದಾರಿ ತೋರಿಸುತ್ತಿದ್ದವು.

“ಮದುವೆ ಮಂಟಪ ಆತಲ್ರಿ ಇದು” ಎಂದ. “ಬಾಳೆಕಂಬ ಒಂದು ಬಾಕಿ.”

ನಾನು ಬಂದರಿನಿಂದ ತಂದ ಇನ್ನೊಂದು ಅಭ್ಯಾಸವನ್ನು ಅವರಿಗೆ ಕಲಿಸಲು ಹೆಚ್ಚು ದಿನ ಹಿಡಿಯಿತು. ಅಲ್ಲಿ ಒಬ್ಬನೇ ಹೇಳುತ್ತಾನೆ. ಕೇಳಿದವನು ಅದೇ ಮಾತನ್ನು ತಿರುಗಿ ಹೇಳದೆ ಕೈ ಆಡಿಸುವ ಹಾಗಿಲ್ಲ. ನಮ್ಮ ಕಡೆಯವರಿಗೆ ಇದು ಬಹಳ ಕಷ್ಟ. ‘ಆತ್ರಿ’ ಎಂದುಬಿಟ್ಟರೆ ಕೆಲಸ ಮುಗಿಯಿತು. ಕೇಳಿದರೂ ‘ಆತ್ರಿ’, ಕೇಳದಿದ್ದರೂ ‘ಆತ್ರಿ’.

“ಎತ್ತು” ಎಂದೆ.

“ಆತ್ರಿ” ಎಂದ ಎಲೆಕ್ಟ್ರಿಷಿಯನ್.

“ಏನು ಆಯ್ತು?”

“ಅದೇ… ನೀವ್ ಹೇಳಿದ್ದು.”

“ನಾನು ಏನು ಹೇಳಿದೆ?”

“ಎತ್ತು ಅಂದ್ರಿ.”

“ಹಾಗಾದರೆ ‘ಎತ್ತು’ ಅನ್ನು.”

“ಎತ್ತು. ಈಗ ಎತ್ಲೇನ್ರಿ, ಮತ್ತೊಂದ್ ಸಲ ಅನ್ಲೇನ್ರಿ?”

ಎಂಜಿನಿಯರ್ ಆಚೆಗೆ ತಿರುಗಿ ನಕ್ಕಳು. ಅಂಬಿಗ ಮಾತ್ರ ನಗಲಿಲ್ಲ. ಅವನು ಮೊದಲ ದಿನದಿಂದಲೇ ಪ್ರತಿ ಮಾತನ್ನೂ ತಿರುಗಿ ಹೇಳಿದ. ಕೆಳಗಿನಿಂದ ಬರುವುದು, ಹರಿವಿಗೆ ಎದುರಾಗಿ ಎಂಜಿನ್ನಿನಲ್ಲಿ ನಿಧಾನ ಒಳಗೆ ಬರುವುದು, ಕೆಂಪು ಕೆಂಪಿಗೆ ತರುವುದು, ಎಂಜಿನ್ ಮೇಲಕ್ಕೆ ಮಡಚುವುದು, ತಾನು ಇಳಿಯುವುದು, ಆಮೇಲೆ ಎತ್ತುವುದು. ಎತ್ತುವ ದೋಣಿಯಲ್ಲಿ ಯಾರೂ ಇರಬಾರದು. ಎತ್ತಿದ ಮೇಲೆ ತಳದ ಬಿರಡೆ ತೆಗೆಯಬೇಕು, ಮಳೆನೀರು ನಿಲ್ಲದಂತೆ; ಇಳಿಸುವ ಮೊದಲು ಹಾಕಬೇಕು. ಕೆಲವು ದಿನ ನಾನು ಬಸ್ಸಿನಲ್ಲಿ ಹೋಗಿ ಬಂದೆ. ದೋಣಿ ದಿನವೂ ತನ್ನ ಗುರುತಿಗೆ ಬಂದು ಕೂತಿತು. ನನ್ನ ಕೆಲಸ ಮುಗಿಯಿತು ಎಂದುಕೊಂಡು ಒಂದು ವಾರ ಹೋಗಲಿಲ್ಲ.

ಆಮೇಲೆ ಮೇಲೆ ಘಟ್ಟದ ಕಡೆ ಬಿಡದೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಎಂಜಿನಿಯರ್ ಮತ್ತೆ ಫೋನ್ ಮಾಡಿದಳು. ಮೇಲಿನ ಜಲಾಶಯದಿಂದ ನೀರು ಬಿಟ್ಟಿದ್ದಾರೆ, ಸಂಜೆಯೊಳಗೆ ಹೊಳೆ ಏರುತ್ತದೆ ಎಂದು ಸೂಚನೆ ಬಂದಿದೆ. ಅದಕ್ಕೂ ಮೊದಲೇ ಅಂತರಗಂಗೆ ಬಂದು ಜಾಲರಿ ಕಟ್ಟಿದೆ. ಅದನ್ನು ತೆಗೆದು ದೋಣಿಯನ್ನು ಮೇಲೇರಿಸಬೇಕು.

“ಅಂಬಿಗ ಹೊಳಿಯಾಗೆ ಅದಾನೆ. ನೀವು ಇದ್ರೆ ನನಗೆ ಧೈರ್ಯ ಅಂಕಲ್.”

ನಾನು ಹೋದಾಗ ಹೊಳೆಯ ಬಣ್ಣ ಬದಲಾಗಿತ್ತು. ಹಿಂದಿನ ವಾರದ ಹಸಿರು ಹೋಗಿ ಕೆಮ್ಮಣ್ಣಿನ ನೀರು. ಅಂಬಿಗ ಜಾಲರಿಯ ಮುಂದೆ ದೋಣಿಯನ್ನು ನಿಲ್ಲಿಸಿಕೊಂಡು, ಕೊಕ್ಕೆಯಿಂದ ಅಂತರಗಂಗೆಯ ಚಾಪೆಗಳನ್ನು ಕಿತ್ತು ದೋಣಿಯೊಳಗೆ ಎಳೆದುಕೊಳ್ಳುತ್ತಿದ್ದ. ನೀರಿಗೇ ಬಿಟ್ಟರೆ ಮತ್ತೆ ಜಾಲರಿಗೇ ಹೋಗುತ್ತದೆ. ಒಂದು ಹೊರೆ ದಂಡೆಗೆ ಹಾಕಿ, ಇನ್ನೊಂದು ಹೊರೆಗೆ ಹೋದ. ಪಂಪಿನ ಸದ್ದು ಹಗುರವಾಯಿತು. ಆಗ ಎಂಜಿನಿಯರ್ ಕೈ ಬೀಸಿ ಕರೆದಳು. ನೀರು ದಂಡೆಯ ಕಲ್ಲಿನ ಒಂದೊಂದೇ ಸಾಲನ್ನು ನುಂಗುತ್ತಿತ್ತು.

ಅವನು ಕೆಳಗಿನಿಂದ ಸುತ್ತಿ ಬಂದ. ಎಂಜಿನ್ ಕಷ್ಟಪಟ್ಟು ಕೂಗುತ್ತಿತ್ತು. ಬಿಳಿ ಪೈಪುಗಳ ನಡುವೆ ಒಳಗೆ ಬಂದ, ಕೆಂಪು ಕೆಂಪಿಗೆ ತಂದ, ಎಂಜಿನ್ ಮಡಚಿದ, ಕಟ್ಟೆಗೆ ಹಾರಿದ. ಎಲ್ಲವೂ ಕ್ರಮದಂತೆಯೇ.

“ಎತ್ತು.”

“ಎತ್ತು” ಎಂದು ತಿರುಗಿ ಹೇಳಿದ ಎಲೆಕ್ಟ್ರಿಷಿಯನ್. ಅಂದು ತಮಾಷೆ ಮಾಡಲಿಲ್ಲ.

ಹಗ್ಗ ಬಿಗಿಯಿತು. ಚೌಕಟ್ಟು ನೀರಿನಿಂದ ಮೇಲೆ ಬಂತು. ದೋಣಿಯ ತಳ ಅರ್ಧ ಕಾಣಿಸಿತು. ಹಿಂದಿನ ಎರಡು ಹಗ್ಗಗಳು ನರಳಿದವು.

“ನಿಲ್ಲಿಸು.”

“ನಿಲ್ಲಿಸು.”

ಪೈಪು ನೋಡಿದೆ. ಹಿಂದಿನ ತುದಿಯಲ್ಲಿ ನೀರು ತೊಲೆಯ ಅಂಚಿಗಿಂತ ನಾಲ್ಕು ಬೆರಳು ಮೇಲಿತ್ತು. ಅಂದರೆ ತೊಲೆ ಅಷ್ಟು ಕೆಳಗೆ ವಾಲಿತ್ತು. ಕೆಂಪು ಗೆರೆ ಕೆಂಪು ಗೆರೆಗೆ ಕೂದಲಿನಷ್ಟೂ ತಪ್ಪದೆ ಎದುರಾಗಿಯೇ ಇತ್ತು. ದೋಣಿಯೊಳಗೆ ಇಣುಕಿದೆ. ಎರಡನೆಯ ಹೊರೆಯ ಅಂತರಗಂಗೆ ಪೂರ್ತಿ ಹಿಂಬದಿಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಕೊಕ್ಕೆ ಹಾಕುವವನು ಮೂತಿಯ ಕಡೆ ನಿಲ್ಲಬೇಕು, ಎಳೆದದ್ದನ್ನು ಹಿಂದಕ್ಕೆ ಎಸೆಯಬೇಕು. ನೀರು ಕುಡಿದ ಅಂತರಗಂಗೆ ಎಷ್ಟು ಭಾರವೆಂದು ಅದನ್ನು ಎತ್ತಿದವರಿಗೇ ಗೊತ್ತು. ಬಂದರಿನಲ್ಲಿ ದೋಣಿಗಳು ಮೀನು ಇಳಿಸಿ, ತೊಳೆದುಕೊಂಡು, ಖಾಲಿಯಾಗಿ ನನ್ನ ಕಟ್ಟೆಗೆ ಬರುತ್ತಿದ್ದವು. ನಾನು ಹೇಳಿಕೊಟ್ಟ ಕ್ರಮದಲ್ಲಿ ಹೊರೆಯ ಮಾತೇ ಇರಲಿಲ್ಲ.

ದೋಣಿ ಅರ್ಧ ಗಾಳಿಯಲ್ಲಿ, ಅರ್ಧ ನೀರಿನ ಮೇಲೆ ನಿಂತಿತ್ತು. ಕೆಳಗೆ ಹೊಳೆ ಏರುತ್ತಿತ್ತು.

“ಎತ್ತಿಬಿಡಾನ್ರಿ” ಎಂದ ಎಲೆಕ್ಟ್ರಿಷಿಯನ್. “ಅರ್ಧ ಮ್ಯಾಲೆ ಬಂದೈತೆ. ಇನ್ನರ್ಧಕ್ಕೇನು? ಹಗ್ಗ ಗಟ್ಟಿ ಅದಾವು.”

“ನಾ ಹತ್ತಿ ಕಸ ತೆಗೆದು ಒಗೀತೀನ್ರಿ” ಎಂದು ಅಂಬಿಗ ಆಗಲೇ ಕಾಲು ಎತ್ತಿದ್ದ.

“ಕಾಲು ತೆಗಿ.”

ಅವನು ತೆಗೆದ. ವಾಲಿದ ತೊಟ್ಟಿಲಿನ ಮೇಲೆ ಒದ್ದೆ ಕಸದ ಗುಡ್ಡೆ. ಅದರ ಮೇಲೆ ಇನ್ನೊಬ್ಬ ಮನುಷ್ಯ ಹಿಂಬದಿಗೆ ಹೋಗಿ ನಿಂತರೆ ದೋಣಿ ಜಾರುತ್ತದೆ, ಜಾರಿದ ದೋಣಿಯೊಂದಿಗೆ ಅವನೂ ಕೆಮ್ಮಣ್ಣಿನ ನೀರಿಗೆ ಹೋಗುತ್ತಾನೆ. ಹಾಗೆಯೇ ಎತ್ತಿದರೆ ಹಗ್ಗ ತಡೆಯಬಹುದು. ಹಿಂಗೋಡೆ ತಡೆಯುತ್ತದೆ ಎಂದು ನಾನು ಹೇಳಲಾರೆ. ಇಳಿಸಿದರೆ ದೋಣಿಯನ್ನು ಮತ್ತೆ ಅದೇ ಹೊಳೆಗೆ ಕೊಟ್ಟಂತೆ. ಅದು ಈಗ ಬೆಳಗಿನ ಹೊಳೆಯಲ್ಲ.

ಎಂಜಿನಿಯರ್ ನನ್ನನ್ನು ನೋಡಿದಳು. ಅವಳು ಹಿಂದಿನ ವರ್ಷ ದೋಣಿ ಹೋಗುವುದನ್ನು ಇದೇ ಕಟ್ಟೆಯ ಮೇಲೆ ನಿಂತು ನೋಡಿದವಳು. “ಅಂಕಲ್, ಮೇಲೆ ಇರೋದನ್ನ ಮತ್ತೆ ಕೆಳಗೆ ಇಳಿಸೋದಾ?”

“ಇಳಿಸೋಣ. ನಿನ್ನ ಒಪ್ಪಿಗೆ ಬೇಕು.”

ಅವಳು ಅಂಬಿಗನ ಕಡೆ ತಿರುಗಿದಳು. “ನೀ ಏನಂತೀಯೋ? ದೋಣಿ ಹೋದ್ರೆ ನಿನ್ ಕೆಲಸಾನೂ ಹೋಗ್ತೈತೆ.”

ಅಂಬಿಗ ಹೊಳೆಯನ್ನು ನೋಡಿದ. “ಇಳಸ್ರಿ ಮೇಡಂ. ವಾಲಿ ಕುಂತದ್ದು ಹೆಂಗೂ ಬೀಳೋದೇ. ಆದ್ರ ಎಂಜಿನ್ ಮ್ಯಾಲೆ ನೆಚ್ಚಿಕೆ ಬ್ಯಾಡ. ಬರ್ತಾ ಅದರ ಪಂಖಕ್ಕೆ ಅಂತರಗಂಗೆ ಬೇರು ಸುತ್ತಿಕೊಂಡೈತೆ. ಕೂಗಿದ್ದು ಕೇಳಿಲ್ಲೇನ್ರಿ? ಇನ್ನೊಂದ್ಸಲ ಈ ನೀರಿಗೆ ಎದುರಾಗಿ ಹೋಗಾಕಾಗಲ್ಲ.”

ಎಂಜಿನ್ ಇಲ್ಲದೆ ದೋಣಿಯನ್ನು ಗುರುತಿಗೆ ತರುವುದು ನನ್ನ ಕ್ರಮದಲ್ಲಿ ಇರಲಿಲ್ಲ. ಆದರೆ ಹಗ್ಗ ಇತ್ತು. ಕಟ್ಟೆಯ ಮೇಲುತುದಿಯಲ್ಲಿ ಕಾಂಕ್ರೀಟಿಗೆ ಹೂತ ಕಬ್ಬಿಣದ ಗೂಟವಿತ್ತು. ನಾನು ಹೇಳಿದೆ: “ಮೂತಿಯಿಂದ ಒಂದು ಹಗ್ಗ ಮೇಲಿನ ಗೂಟಕ್ಕೆ. ಗಂಟು ಹಾಕಬಾರದು, ಎರಡು ಸುತ್ತು ಸುತ್ತಿ ಕೈಯಲ್ಲಿ ಹಿಡಿಯೋದು. ಹೊಳೆ ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಎಳೆಯೋಣ. ಆ ಎಳೆತವೇ ದೋಣಿಯನ್ನು ನೆಟ್ಟಗೆ ಇಡುತ್ತದೆ.”

“ಹಿಂಬದಿಗೂ ಒಂದು ಹಗ್ಗ ಬೇಕ್ರಿ” ಎಂದ ಅಂಬಿಗ. “ಹೊಳಿ ಇಲ್ಲಿ ನೆಟ್ಟಗೆ ಹರಿಯಂಗಿಲ್ಲ. ಕಲ್ಲಿಗೆ ಬಡಿದು ಒಂಚೂರು ಆಚೆ ದಬ್ಬತೈತೆ. ಹರಿಗೋಲು ದಿನಾ ಇಲ್ಲೇ ಒಂದ್ ಸುತ್ತು ಸುತ್ತತೈತೆ, ನಂಗೊತ್ತು.”

ಹಾಗೆಯೇ ಮಾಡಿದೆವು. ಮೂತಿಯ ಹಗ್ಗವನ್ನು ನಾನು ಗೂಟಕ್ಕೆ ಎರಡು ಸುತ್ತು ಹಾಕಿ ಹಿಡಿದೆ. ಹಿಂಬದಿಯ ಹಗ್ಗವನ್ನು ದಂಡೆಯ ಕಡೆಯ ಕಂಬಕ್ಕೆ ಸುತ್ತಿ ಎಂಜಿನಿಯರ್ ಹಿಡಿದಳು. ಅವಳಿಗೆ ಕೈಗವಸು ಕೊಟ್ಟೆ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ ಎಂದೆ. “ಕೈಗೆ ಸುತ್ತಿಕೊಳ್ಳಲ್ಲ” ಎಂದು ಅವಳೂ ತಿರುಗಿ ಹೇಳಿದಳು. ಅಂಬಿಗ ಹಾಕಿಕೊಂಡ ಲೈಫ್ ಜಾಕೆಟ್ಟಿನ ಬಕಲ್ಲುಗಳನ್ನು ನಾನು ಎಳೆದು ನೋಡಿದೆ.

“ಇಳಿಸು.”

“ಇಳಿಸು.”

ದೋಣಿ ತೇಲಿತು. ಅದೇ ಗಳಿಗೆಗೆ ಹೊಳೆ ಅದನ್ನು ಹಿಡಿಯಿತು. ನನ್ನ ಕೈಯ ಹಗ್ಗ ಗೂಟದ ಮೇಲೆ ಕಿರುಗುಟ್ಟಿ ಒಂದಿಷ್ಟು ಜಾರಿತು, ಕಟ್ಟೆಯ ಮೇಲೆ ನನ್ನ ಹಿಮ್ಮಡಿಯೂ ಜಾರಿತು. ಎರಡು ಸುತ್ತು ತಡೆಯಿತು. ಕೆಂಪು ಗೆರೆ ಕಂಬದ ಗೆರೆಗಿಂತ ಹಿಂದೆ ಹೋಗಿ ನಿಂತಿತು. ಹಿಂಬದಿ ಹೊಳೆಯ ಕಡೆಗೆ ಹೊರಳಿ ಬಿಳಿ ಪೈಪಿಗೆ ತಗುಲಿತು. ಪೈಪು ಬಾಗಿತು. ಎಂಜಿನಿಯರ್ ಹಗ್ಗ ಎಳೆದು ಕಂಬಕ್ಕೆ ಬಿಗಿದಳು. ಹಿಂಬದಿ ಮತ್ತೆ ಒಳಗೆ ಬಂತು.

ಅಂಬಿಗ ದೋಣಿಗೆ ಹತ್ತಿದ. ಹರಿಗೋಲಿನಲ್ಲಿ ಹುಟ್ಟಿದವನ ಕಾಲಿಗೆ ತೇಲುವ ದೋಣಿಯ ಮೇಲೆ ಭಯವಿಲ್ಲ. ಎರಡು ಕೈಯಿಂದ ಅಂತರಗಂಗೆಯನ್ನು ಬಾಚಿ ಬಾಚಿ ಹೊರಗೆ ಹಾಕಿದ. ತೊಟ್ಟಿಲು ಜಾಲರಿಗಿಂತ ಕೆಳಗಿದ್ದುದರಿಂದ ಅದನ್ನು ಹೊಳೆಗೇ ಬಿಡಬಹುದಿತ್ತು. ಹಸಿರು ಚಾಪೆಗಳು ಹಳೆಯ ಸೇತುವೆಯ ಕಡೆಗೆ ಓಡಿದವು. ಒಂದು ತೇಲುಮರ ನಮ್ಮ ಕಡೆಗೆ ಬರುವುದನ್ನು ಎಲೆಕ್ಟ್ರಿಷಿಯನ್ ಮೊದಲು ಕಂಡ.

“ಮರ ಬರ್ತೈತ್ರಿ. ದೊಡ್ಡದೈತೆ.”

ಅಂಬಿಗ ತಲೆ ಎತ್ತಿ ಒಮ್ಮೆ ನೋಡಿದ. “ಅದು ಈ ಕಡಿ ಬರಂಗಿಲ್ಲ. ನಡುಹೊಳಿ ಹಿಡಿದೈತೆ” ಎಂದು ಮತ್ತೆ ಬಗ್ಗಿದ. ಮರ ಅವನು ಹೇಳಿದ ದಾರಿಯಲ್ಲೇ ಹೋಯಿತು. ನಾನು ಮಾತ್ರ ಅದು ದಾಟುವವರೆಗೆ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.

ಕಸ ಖಾಲಿಯಾಯಿತು. ಮೊದಲು ತಳದ ನೀರನ್ನು ಬಕೆಟ್ಟಿನಿಂದ ತೋಡಿಸಿದೆ. ಅದೂ ಹಿಂಬದಿಗೇ ಹರಿದು ಭಾರವಾಗುತ್ತದೆ. ಈಗ ಎಳೆಯಬೇಕು. ಹೊಳೆಗೆ ಎದುರಾಗಿ ಒಂದು ಗೇಣು ಎಳೆಯುವುದೂ ಒಬ್ಬ ಮುದುಕನ ಕೈಲಿ ಆಗುವ ಕೆಲಸವಲ್ಲ. ಅಂಬಿಗ ಕಟ್ಟೆಗೆ ಹಾರಿ ಬಂದು, ಗೂಟಕ್ಕೂ ದೋಣಿಗೂ ನಡುವಿನ ಹಗ್ಗವನ್ನು ಹೆಗಲಿಗೆ ಹಾಕಿ ವಾಲಿದ. ಅವನು ಗಳಿಸಿಕೊಟ್ಟ ಸಡಿಲವನ್ನು ನಾನು ಗೂಟದ ಮೇಲೆ ಎಳೆದುಕೊಂಡು ಬಿಗಿದೆ. ಒಂದು ವಾಲು, ಒಂದು ಬಿಗಿ.

“ಎಷ್ಟೈತೆ?” ಎಂದು ಅಂಬಿಗ ನೆಲ ನೋಡುತ್ತಲೇ ಕೇಳಿದ.

ಎಲೆಕ್ಟ್ರಿಷಿಯನ್ ಸ್ವಿಚ್ಚಿನ ಬಳಿಯಿಂದಲೇ ಬಗ್ಗಿ ಗುರುತು ನೋಡಿದ. “ಒಂದ್ ಗೇಣು… ಅರ್ಧ ಗೇಣು… ಇನ್ನ ಒಂದ್ ದೋಸೆ ಅಗಲ…”

“ಯಾವ ದೋಸೆ?” ಎಂದೆ ನಾನು.

“ಖಾಲಿ ದೋಸೆ ರೀ. ಸಣ್ಣದು.”

ಹಗ್ಗ ಎಳೆಯುತ್ತಿದ್ದ ಅಂಬಿಗನಿಗೆ ನಗು ಬಂದು ಹೆಗಲು ಅಲುಗಾಡಿತು. “ಸುಮ್ಕಿರಲೇ” ಎಂದ. ಮತ್ತೆ ವಾಲಿದ.

“ಬಂತು. ಕೆಂಪಿಗೆ ಕೆಂಪು ಬಂತು.”

ಗೂಟದ ಮೇಲೆ ಮೂರನೆಯ ಸುತ್ತು ಹಾಕಿದೆ. ಹಿಂಬದಿಯ ಹಗ್ಗ ಬಿಗಿಯಾಗಿದೆಯೇ ಎಂದು ಕೇಳಿದೆ. ಬಿಗಿಯಾಗಿದೆ ಎಂದಳು. ದೋಣಿಯಲ್ಲಿ ಯಾರಿದ್ದಾರೆ ಎಂದೆ. ಯಾರೂ ಇಲ್ಲ ಎಂದ ಅಂಬಿಗ. ದೋಣಿಯಲ್ಲಿ ಏನಿದೆ ಎಂದೆ. ಆ ಪ್ರಶ್ನೆ ಅದೇ ದಿನ ಹುಟ್ಟಿದ್ದು.

“ಏನೂ ಇಲ್ರಿ. ಖಾಲಿ.”

“ಎತ್ತು.”

“ಎತ್ತು.”

ಚೌಕಟ್ಟು ಕೆಳಗಿನಿಂದ ಬಂದು ದೋಣಿಯ ತಳಕ್ಕೆ ತಾಗಿದ ಸದ್ದು ಕೇಳಿಸಿತು. ಹಗ್ಗಗಳು ಬಿಗಿದವು. ನರಳುವುದನ್ನು ಕಾದೆ, ನರಳಲಿಲ್ಲ. ನಿಲ್ಲಿಸಿ ಪೈಪು ನೋಡಿದೆ. ಎರಡೂ ತುದಿಯಲ್ಲಿ ನೀರು ತೊಲೆಯ ಅಂಚಿನಲ್ಲಿ ನಿಂತಿತ್ತು. ಅಂಬಿಗನೂ ಬಂದು ಬಗ್ಗಿ ನೋಡಿದ. ಒಂದು ತುದಿ ನೋಡಿ, ಇನ್ನೊಂದು ತುದಿಗೆ ನಡೆದು ಹೋಗಿ ನೋಡಿ, ಮತ್ತೆ ಮೊದಲ ತುದಿಗೆ ಬಂದ.

“ಒಂದೇ ಐತೆ” ಎಂದ.

ತೊಟ್ಟಿಲನ್ನು ಪೂರ್ತಿ ಮೇಲಕ್ಕೆ ಎತ್ತಿ, ಭಾರ ಹಗ್ಗದ ಮೇಲೆ ನಿಲ್ಲದಂತೆ ನಾಲ್ಕು ಕಂಬದ ತೂತಿಗೂ ಕಬ್ಬಿಣದ ಅಗುಳಿಗಳನ್ನು ತೂರಿಸಿದೆವು. ತಳದ ಬಿರಡೆ ತೆಗೆದಾಗ ಉಳಿದ ನೀರು ಸಣ್ಣ ಧಾರೆಯಾಗಿ ಹೊಳೆಗೆ ಬಿತ್ತು. ಪಂಖಕ್ಕೆ ಸುತ್ತಿದ್ದ ಬೇರನ್ನು ಅಂಬಿಗ ಕಟ್ಟೆಯ ಮೇಲಿನಿಂದಲೇ ಕೈಚಾಚಿ ಕುಡುಗೋಲಿನಿಂದ ಕೊಯ್ದು ತೆಗೆದ. ಕೊನೆಗೆ ಮೂತಿಯ ಹಗ್ಗ ಉಳಿಯಿತು. ಹೊಳೆ ಅಷ್ಟೆತ್ತರಕ್ಕೆ ಬಂದರೆ ದೋಣಿ ತೇಲಬೇಕು, ಆದರೆ ಹೋಗಬಾರದು. ನಾನು ಬಾಯಿ ತೆರೆಯುವ ಮೊದಲೇ ಅವನು ಉದ್ದಕ್ಕೆ ಸಡಿಲ ಬಿಟ್ಟು ಕಟ್ಟಿದ.

“ಇದನ್ನ ಹೇಳಬ್ಯಾಡ್ರಿ ಸಾಹೇಬ್ರ. ಹ್ವಾದ ವರ್ಷಾನೇ ಕಲ್ತೀನಿ.”

ಹೊಳೆ ಎರಡು ದಿನ ಏರಿತು. ಮರಗಳು, ಯಾರದೋ ಹೊಲದ ಪೈಪುಗಳು, ಅಂತರಗಂಗೆಯ ದ್ವೀಪಗಳು ತೊಟ್ಟಿಲಿನ ಕೆಳಗಿನಿಂದ ಹೋದವು. ದೋಣಿಯನ್ನು ನೀರು ಮುಟ್ಟಲಿಲ್ಲ. ಇಳಿಯತೊಡಗಿದ ಮೇಲೆ ಜಾಲರಿಯ ಮುಂದೆ ಮತ್ತೆ ಚಾಪೆ ಕಟ್ಟಿತು. ಹರಿವು ತಗ್ಗಿದ ಕೂಡಲೇ ಬಿರಡೆ ಹಾಕಿ, ದೋಣಿ ಇಳಿಸಿ, ಅಂಬಿಗ ಹೋಗಿ ಬಿಡಿಸಿದ. ಆ ವಾರ ನಮ್ಮ ಬೀದಿಯಲ್ಲಿ ನೀರು ತನ್ನ ಸರದಿಗೆ ಬಂತು. ನನ್ನ ಹೆಂಡತಿ ಕೊಡ ತುಂಬುತ್ತಾ, “ಮಣ್ಣಿನ ವಾಸನಿ ಐತಲ್ರಿ” ಎಂದಳು. ಇರಬಹುದು ಎಂದೆ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು, ಅದು ಒಳ್ಳೆಯ ವಾಸನೆ ಎಂದೂ ಅನ್ನಿಸಿತ್ತು.

ಮಳೆ ಬಿಟ್ಟ ಮೇಲೆ ಒಮ್ಮೆ ಹೋದೆ. ಮೇಲಿನ ಸಾಹೇಬರು ಬಂದು, ದೋಣಿ ಎತ್ತಿ ಇಳಿಸುವುದನ್ನು ನೋಡಿ ಹೋಗಿದ್ದರಂತೆ. ಹೊರಗಿನವರಿಗೆ ಕೊಡುವ ಮಾತು ನಿಂತಿತ್ತು. ಲಿಫ್ಟಿನ ಸ್ವಿಚ್ಚು ಪೆಟ್ಟಿಗೆಯ ಕೀಲಿ ಅಲ್ಲಿಯವರೆಗೆ ಎಂಜಿನಿಯರ್ ಬಳಿ ಇರುತ್ತಿತ್ತು. ಅಂದು ಅದು ಅಂಬಿಗನ ಸೊಂಟದ ದಾರದಲ್ಲಿತ್ತು.

ನನಗೆ ಕೆಲಸವೇನೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಅವರು ಎತ್ತುವುದನ್ನು ನೋಡಿದೆ. ಹೇಳುವವನು ಈಗ ಅಂಬಿಗ, ತಿರುಗಿ ಹೇಳುವವನು ಎಲೆಕ್ಟ್ರಿಷಿಯನ್. ‘ದೋಣಿಯಾಗೆ ಯಾರದಾರೆ’, ‘ಯಾರಿಲ್ಲ’. ‘ಏನೈತೆ’, ‘ಏನಿಲ್ಲ, ಖಾಲಿ’. ಬಂದರಿನ ಮಾತು ಹರಿಹರದ ಬಾಯಿಗೆ ಹೊಂದಿಕೊಂಡಿತ್ತು.

ಹೊರಡುವಾಗ ದಂಡೆಯ ಮೇಲೆ ಬೋರಲು ಬಿದ್ದಿದ್ದ ಹರಿಗೋಲಿನ ಪಕ್ಕದಿಂದ ನಡೆದೆ. ಅಂಬಿಗ ಅದಕ್ಕೆ ಹೊಸ ಡಾಂಬರು ಬಳಿದಿದ್ದ. ಅದರ ದುಂಡು ಅಂಚಿನ ಒಂದು ಕಡೆ, ದೋಣಿಗೆ ಬಳಿದ ಅದೇ ಬಣ್ಣದಲ್ಲಿ, ಒಂದು ಕೆಂಪು ಗೆರೆ ಎಳೆದಿದ್ದ. ನಾನು ನಿಂತು ಅದನ್ನು ನೋಡುವುದನ್ನು ಅಂಬಿಗ ಕಂಡ.

“ಇದಕ್ಕೂ ಮುಂದು ಮಾಡೀನ್ರಿ” ಎಂದ.

“ಇದಕ್ಕೆ ಯಾಕಪ್ಪಾ?”

“ಹೊಳಿಯಾಗೆ ಕುಂತಾಗ ಗೆರಿ ನನ್ ಮುಂದೆ ಇರ್ಲಿ ಅಂತ.” ಗೆರೆಯ ಮೇಲೆ ಬೆರಳಾಡಿಸಿ ಹೇಳಿದ: “ಇರಂಗಿಲ್ರಿ. ಬಿಟ್ಟ ಕೂಡ್ಲೆ ತಿರುಗ್ತೈತೆ. ಆದ್ರ ಎಷ್ಟು ತಿರುಗ್ತು ಅಂತ ಈಗ ಗೊತ್ತಾಗ್ತೈತೆ.”